ಷರಾ ಮಹಡಿ ಹತ್ತಿದ ಭಾನುವಾರ

ನನ್ನದು ಪುಕ್ಕಲು ಜೀವ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾವಿಗೆ, ಕಳ್ಳರಿಗೆ, ಕತ್ತಲೆಗೆ ಹೆದರುವವರು ಊರ ತುಂಬ ಇದ್ದಾರೆ; ಅವರದು ಮರ್ಯಾದಸ್ಥ ಹೆದರಿಕೆ. ನಾನು ಹೆದರುವುದು ನೆಂಟರಿಗೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೊಳೆನರಸೀಪುರದ ಬಸ್ ನಿಲ್ದಾಣದಿಂದ ಎಷ್ಟೋ ಸಲ ಮನೆಗೆ ವಾಪಸು ಓಡಿ ಬಂದಿದ್ದೇನೆ. ಗ್ಯಾಸಾದರೂ ಹೋಗಿ ನೋಡಿದರೆ ಆರಿದೆಯೋ ಉರಿಯುತ್ತಿದೆಯೋ ಗೊತ್ತಾಗುತ್ತದೆ. ನೆಂಟರು ಹಾಗಲ್ಲ. ಮೇಲೆ ನೋಡಿದರೆ ಆರಿದ್ದಾರೆ ಅನ್ನಿಸುತ್ತದೆ, ಒಳಗೆ ಉರಿಯುತ್ತಲೇ ಇರುತ್ತಾರೆ. ನಮ್ಮ ಯಜಮಾನರಿಗೆ ಈ ಕಾಯಿಲೆ ಇಲ್ಲ. ಯಾವುದಕ್ಕೂ ಅವರದು ಒಂದೇ ಮಾತು: "ಬುಡು ಅತ್ಲಾಗೆ, ಆಗೋದು ಆಯ್ತದೆ." ಆಗುವುದು ಆಗುತ್ತದೆ ಎಂಬುದೇ ನನ್ನ ಹೆದರಿಕೆ ಅಂತ ಇಷ್ಟು ವರ್ಷವಾದರೂ ಅವರಿಗೆ ಅರ್ಥವಾಗಿಲ್ಲ.

ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಚೈತ್ರಾಗೆ ಮದುವೆ ಗೊತ್ತಾಯಿತು. ಗಂಡು ಒಳ್ಳೆಯವನು, ಬೀಗರು ಒಳ್ಳೆಯವರು, ಛತ್ರವೂ ಸಿಕ್ಕಿತು. ಉಳಿದದ್ದು ಕರೆಯುವುದು. ನಮ್ಮ ಕಡೆ ಮದುವೆ ಮಾಡುವುದು ಸುಲಭ, ಮದುವೆಗೆ ಕರೆಯುವುದು ಕಷ್ಟ. ಯಾರನ್ನು ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕು, ಯಾರಿಗೆ ಫೋನ್ ಸಾಕು, ಯಾರಿಗೆ ವಾಟ್ಸಾಪಿನಲ್ಲಿ ಪತ್ರಿಕೆ ಬಿಟ್ಟರೆ ನಡೆಯುತ್ತದೆ ಎಂಬುದನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೀರ್ಮಾನಿಸಬೇಕು. ಚನ್ನರಾಯಪಟ್ಟಣದ ಕಡೆಯ ನಮ್ಮ ಸೋದರಮಾವ ಒಬ್ಬರಿಗೆ ಹಿಂದೊಮ್ಮೆ ಯಾರೋ ವಾಟ್ಸಾಪಿನಲ್ಲೇ ಕರೆದರಂತೆ. ಮಾವ ಮದುವೆಗೆ ಬಂದರು. ಊಟಕ್ಕೆ ಏಳಲಿಲ್ಲ. ಛತ್ರದ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಹೋಗಿಬರುವವರಿಗೆಲ್ಲ ಫೋನು ತೋರಿಸಿ, "ನೋಡ್ರಪ್ಪ, ನನ್ನ ಕರೆದಿರೋ ಚೆಂದವಾ" ಎಂದರಂತೆ. ಅವತ್ತಿನಿಂದ ನನಗೆ ಪತ್ರಿಕೆ ಅಂದರೂ ಹೆದರಿಕೆ.

ಅದಕ್ಕೇ ಪಟ್ಟಿ ಮಾಡಿದೆ. ನಾನು ಇಪ್ಪತ್ತೆಂಟು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಪಟ್ಟಿ ಎಂದರೆ ನನಗೆ ಕ್ರಮಸಂಖ್ಯೆ ಬೇಕು, ಹೆಸರು ಬೇಕು, ಊರು ಬೇಕು, "ಹೇಗೆ ಕರೆಯಬೇಕು" ಎಂಬ ಕಾಲಂ ಬೇಕು, ಕೊನೆಗೆ "ಷರಾ" ಬೇಕೇ ಬೇಕು. ಷರಾ ಕಾಲಂ ಇಲ್ಲದ ವಹಿಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಕಾಲಂ ಇದ್ದ ಮೇಲೆ ಖಾಲಿ ಬಿಡುವುದು ಕರ್ತವ್ಯಲೋಪ. ಹೀಗಾಗಿ ನೂರ ಎಂಬತ್ತಾರು ಮನೆಗಳ ಎದುರಿಗೂ ಷರಾ ಬರೆದೆ, ಯಾರೂ ಓದುವವರಿಲ್ಲ ಎಂಬ ಧೈರ್ಯದಲ್ಲಿ ನಿಜವನ್ನೇ ಬರೆದೆ. "ಕರೆದರೂ ಮುಖ ಊದಿಸುತ್ತಾರೆ, ಕರೆಯದಿದ್ದರೆ ಇನ್ನೂ ಊದಿಸುತ್ತಾರೆ." "ಮೊದಲ ಪಂಕ್ತಿಯಲ್ಲಿ ಕೂರಿಸದಿದ್ದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ, ಕೂರಿಸಿದರೆ ಜಿಲೇಬಿ ಎರಡು ಸಲ ಹಾಕಿಸಿಕೊಳ್ಳುತ್ತಾರೆ." ಬರೆದುಕೊಂಡಾಗ ಎದೆ ಎಷ್ಟು ಹಗುರಾಗುತ್ತಿತ್ತು ಎಂದು ಹೇಳಲಾರೆ.

ಇದೆಲ್ಲ ಇದ್ದದ್ದು ನಮ್ಮ ಹಳೇ ಕಂಪ್ಯೂಟರಿನಲ್ಲಿ. ಚೈತ್ರಾ ಹೈಸ್ಕೂಲಿನಲ್ಲಿದ್ದಾಗ ತಂದದ್ದು ಅದು. ಮೇಲೆ ಹೊದಿಸಲು ನಾನೇ ಕ್ರೋಷಾ ಹಾಕಿದ್ದೆ. ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು ಬಂದರೆ ಆಗ ತಾನೇ ಕಣ್ಣು ಬಿಡುತ್ತಿರುತ್ತದೆ. ಪೆನ್ ಡ್ರೈವ್ ಚುಚ್ಚಿದರೆ ಗಕ್ಕನೆ ಆರಿಹೋಗುತ್ತದೆ, ಈಮೇಲು ತೆರೆಯುವುದಿಲ್ಲ. ಸಿ.ಡಿ. ಹಾಕುವ ಬಾಯಲ್ಲಿ ಯಾವ ಕಾಲದ್ದೋ ಒಂದು ಸಿ.ಡಿ. ಸಿಕ್ಕಿಕೊಂಡಿದೆ, ಬರುವುದೂ ಇಲ್ಲ, ತಿರುಗುವುದೂ ಇಲ್ಲ. ಮದುವೆ ಓಡಾಟಕ್ಕೆಂದು ಯಜಮಾನರು ಹೊಸ ಲ್ಯಾಪ್‌ಟಾಪ್ ತಂದರು. ಪಟ್ಟಿ ಅದಕ್ಕೆ ಬಂದರೆ ತಾನೇ ಅರಕಲಗೂಡಿನ ಕಡೆಗೆ ಒಂದು ದಿನ, ಚನ್ನರಾಯಪಟ್ಟಣದ ಕಡೆಗೆ ಒಂದು ದಿನ ಎಂದು ವಿಂಗಡಿಸಿ ಪ್ರಿಂಟ್ ತೆಗೆಯುವುದು? ಎರಡೂ ಒಂದೇ ಮೇಜಿನ ಮೇಲೆ ಮೊಳ ದೂರದಲ್ಲಿವೆ, ಒಂದರಿಂದ ಒಂದಕ್ಕೆ ಒಂದಕ್ಷರ ದಾಟುವುದಿಲ್ಲ.

ಚೈತ್ರಾ ಶನಿವಾರ ಸಂಜೆ ಕೂತಳು. ಎರಡನ್ನೂ ಮನೆಯ ವೈಫೈ ಡಬ್ಬಿಗೆ ಸೇರಿಸಿದರೆ ಒಂದರ ಫೋಲ್ಡರ್ ಇನ್ನೊಂದರಲ್ಲಿ ಕಾಣುತ್ತದಂತೆ. ಕಾಣಲಿಲ್ಲ. ಹೊಸದು, ಆ ಹೆಸರಿನ ಕಂಪ್ಯೂಟರೇ ಸಿಗುತ್ತಿಲ್ಲ, ಸ್ಪೆಲ್ಲಿಂಗ್ ಸರಿಯಿದೆಯಾ ನೋಡಿ ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿತು. ಹಳೆಯದಕ್ಕೆ ಅವಳು "ಅಮ್ಮ ಓಲ್ಡ್" ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಳು. ನನಗೆ ಸ್ವಲ್ಪ ಚುಚ್ಚಿತು, ಮದುವೆ ಹೆಣ್ಣು ಎಂದು ಸುಮ್ಮನಾದೆ. ಎರಡೂ ಒಂದೇ ಗುಂಪಿನ ಹೆಸರಿನಲ್ಲಿರಬೇಕು ಎಂದು ಅದನ್ನೂ ಸರಿಮಾಡಿದಳು. ಹಳೆಯದು ಆಡುವ ಹಳೇ ಭಾಷೆಯನ್ನು ಹೊಸದು ಭದ್ರತೆಯ ದೃಷ್ಟಿಯಿಂದ ಮರೆತಿರುತ್ತದಂತೆ. ಎಲ್ಲೋ ಒಳಗೆ ಹೋಗಿ ಅದನ್ನು ನೆನಪಿಗೆ ತರಿಸಿದಳು. ಆಗ ಹೊಸದು ಪಾಸ್‌ವರ್ಡ್ ಕೇಳಿತು. ಹಳೆಯದಕ್ಕೆ ಪಾಸ್‌ವರ್ಡೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ಕೊಡುವುದು? ಕೊನೆಗೆ ಅವಳು ರೋಸಿಹೋಗಿ, "ಪಾಸ್‌ವರ್ಡೇ ಬೇಡ ಅಂತ ತೆಗೆದುಹಾಕ್ತೀನಿ, ಎಲ್ಲರಿಗೂ ಅಂತ ಹಾಕ್ಬಿಡ್ತೀನಿ ಇರು" ಎಂದು ಏನೋ ಒತ್ತಿದಳು. ಪಟಕ್ಕನೆ ಬಂತು ಪಟ್ಟಿ! ಅಕ್ಷರ ಮಾತ್ರ ಜಿರಲೆ ಹರಿದಾಡಿದ ಹಾಗಿತ್ತು. ಕನ್ನಡದ ಫಾಂಟ್ ಹಾಕಿದಳು, ಸರಿಹೋಯಿತು. ಇನ್ನೇನು ಗೆದ್ದೆ ಎಂದು ನಾನು ಶಾವಿಗೆ ಪಾಯಸ ಮಾಡಿದೆ.

ಭಾನುವಾರ ಬೆಳಿಗ್ಗೆ ಚೈತ್ರಾ ಗೆಳತಿಯರಿಗೆ ಪತ್ರಿಕೆ ಕೊಡಲು ಹಾಸನಕ್ಕೆ ಹೋದಳು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮಹಡಿ ಮೇಲಿಂದ ನಮ್ಮ ಸುಧಾಮಣಿ ಬಗ್ಗಿ ಕೂಗಿದಳು. ಸುಧಾಮಣಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮೇಲಿನ ಮನೆಯಲ್ಲಿ ಇದ್ದಾರೆ, ಒಲೆ ಬೇರೆಯಾಗಿ ಹನ್ನೊಂದು ವರ್ಷವಾಯಿತು, ವೈಫೈ ಮಾತ್ರ ಒಂದೇ. ರವಿಕೆ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಚೈತ್ರಾಳ ಧಾರೆ ಸೀರೆಯ ರವಿಕೆಯೂ ಸೇರಿ ಏಳು ರವಿಕೆ ಅವಳ ಹತ್ತಿರ ಇದ್ದವು. ಕುಂಕುಮ ಕೊಡಲು ಊರೂರಿಗೆ ನನ್ನ ಜೊತೆ ಬರುವವಳೂ ಅವಳೇ.

"ಅಕ್ಕಾ, ನಮ್ ಕಂಪ್ಯೂಟರ್‌ನಾಗೆ ಅದೇನೋ 'ಅಮ್ಮ ಓಲ್ಡ್' ಅಂತ ಬಂದೈತೆ. ಯಾರ್ದಕ್ಕ ಅದು?"

ನನ್ನ ಕೈಲಿದ್ದ ಪಂಚೆ ಮಣ್ಣಿಗೆ ಬಿತ್ತು. "ಮುಟ್ಬೇಡ ಕಣೇ, ವೈರಸ್ ಅದು!" ಎಂದು ಕಿರುಚಿ ಒಳಗೆ ಓಡಿದೆ. ಚೈತ್ರಾಗೆ ಫೋನ್ ಮಾಡಿ, "ಎಲ್ಲರಿಗೂ ಅಂದ್ಯಲ್ಲ ನಿನ್ನೆ, ಎಲ್ಲರೂ ಅಂದ್ರೆ ಯಾರೇ?" ಎಂದೆ. "ನಮ್ ವೈಫೈನಲ್ಲಿ ಇರೋರೆಲ್ಲ ಕಣಮ್ಮ" ಎಂದಳು, ಏನೂ ಆಗದವರ ಹಾಗೆ. "ಬರೀ ನೋಡೋದಾ?" ಎಂದೆ. "ಇಲ್ಲಮ್ಮ, ಬರೀಬೋದು, ತಿದ್ದಬೋದು, ಎಲ್ಲಾನೂ. ಬಸ್ಸಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟೇಬಿಟ್ಟಳು.

ಸುಧಾಮಣಿಯ ತೌರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ನನ್ನ ಪಟ್ಟಿಯಲ್ಲಿ ಮಲ್ಲಿಪಟ್ಟಣದವು ಒಂಬತ್ತು ಮನೆ. ಅವಳ ದೊಡ್ಡಪ್ಪನ ಎದುರಿಗೆ "ಫೋನ್ ಸಾಕು" ಎಂದೂ, ಷರಾದಲ್ಲಿ "ನಮ್ಮ ಗೃಹಪ್ರವೇಶದಲ್ಲಿ ಪಾಯಸ ಎರಡನೇ ಸಲ ಬರಲಿಲ್ಲವೆಂದು ತಾಲ್ಲೂಕೆಲ್ಲ ಸಾರಿದವರು" ಎಂದೂ ಇತ್ತು. ಅವಳ ತಾಯಿಯ ಎದುರಿಗೆ "ಮನೆಗೆ ಹೋಗಿ" ಎಂದು ಸರಿಯಾಗೇ ಬರೆದಿದ್ದೆ. ಆದರೆ ಷರಾ ಇತ್ತಲ್ಲ! "ಮಾತು ಹೆಚ್ಚು. ಎರಡು ಗಂಟೆ ಮೀಸಲಿಡುವುದು." ಇನ್ನು ಅವಳ ತಮ್ಮನ ಹೆಂಡತಿಯ ಬಗ್ಗೆ ಬರೆದದ್ದನ್ನು ಇಲ್ಲಿ ಹೇಳುವಷ್ಟು ಧೈರ್ಯ ನನಗೆ ಈಗಲೂ ಇಲ್ಲ.

ಷರಾ ಕಾಲಂ ಪೂರ್ತಿ ಅಳಿಸಿಬಿಡೋಣ ಎಂದು ಪಟ್ಟಿ ತೆರೆಯಹೋದೆ. ಕಂಪ್ಯೂಟರ್ ಒಂದು ಚೀಟಿ ತೋರಿಸಿತು: ಈ ಪಟ್ಟಿಯನ್ನು ಈಗ ಬೇರೆಯವರು ತೆರೆದುಕೊಂಡಿದ್ದಾರೆ, ಬೇಕಾದರೆ ನೀವು ಸುಮ್ಮನೆ ಓದಬಹುದು, ತಿದ್ದುವ ಹಾಗಿಲ್ಲ. ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನಲ್ಲಿ, ನಾನೇ ಬರೆದ ಪಾಪವನ್ನು ಅಳಿಸಲು ನನಗೇ ಅಪ್ಪಣೆ ಇಲ್ಲ. ಆಗಲೇ ಗಮನಕ್ಕೆ ಬಂದದ್ದು, ಮೇಲೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿದೆ. ಬೆಳಿಗ್ಗೆಯಿಂದ ಕಟಕಟ ಎನ್ನುತ್ತಿದ್ದದ್ದು ಗಪ್‌ಚಿಪ್. ದೇವರೇ, ಅವಳ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲದೆ ಹೋಗಲಿ, ಎಲ್ಲ ಜಿರಲೆಯಾಗೇ ಕಾಣಲಿ ಎಂದು ಬೇಡಿಕೊಂಡೆ. ಮರುಕ್ಷಣ ನೆನಪಾಯಿತು, ರವಿಕೆಯ ಅಳತೆ ಚೀಟಿಗಳನ್ನೆಲ್ಲ ಅವಳು ಕನ್ನಡದಲ್ಲೇ ಟೈಪ್ ಮಾಡುವುದು. ಆ ಫಾಂಟನ್ನು ಹಾಕಿಕೋ ಎಂದು ಕಲಿಸಿದವಳೂ ನಾನೇ.

ಯಜಮಾನರು ಪೇಪರ್ ಓದುತ್ತಿದ್ದರು. ವಿಷಯ ಹೇಳಿದೆ. "ವೈರ್ ಕಿತ್ತಾಕು, ಆಯ್ತಲ್ಲ" ಎಂದರು. "ಕಿತ್ತರೆ ನಾನೇ ಕಿತ್ತೆ ಅಂತ ಗೊತ್ತಾಗಲ್ವೇನ್ರೀ?" ಎಂದೆ. "ಅಂಗಾರೆ ಕೀಳ್ಬೇಡ" ಎಂದು ಪುಟ ತಿರುಗಿಸಿದರು. ನಾನು ಅಡುಗೆಮನೆಗೂ ಕಂಪ್ಯೂಟರಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಹುಳಿಗೆ ಉಪ್ಪು ಎರಡು ಸಲ ಬಿತ್ತು. ರವಿಕೆಗಳು ಹೋದರೆ ಹೋಗಲಿ, ಬೇರೆಯವರ ಹತ್ತಿರ ಹೊಲಿಸಬಹುದು. ಆದರೆ ಮಗಳ ಮದುವೆಯಲ್ಲಿ ಚಿಕ್ಕಮ್ಮನೇ ಮುನಿಸಿಕೊಂಡು ಮಹಡಿಯಿಂದ ಇಳಿಯದಿದ್ದರೆ? ಚೈತ್ರಾಗೆ ಜ್ವರ ಬಂದಾಗ ನಾನು ಆಫೀಸಿಗೆ ಹೋಗುತ್ತಿದ್ದೆ, ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದವಳು ಅವಳು. ಅವಳ ತಾಯಿಗೇ "ಮಾತು ಹೆಚ್ಚು" ಎಂದು ಬರೆದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಮುಕ್ಕಾಲು ಗಂಟೆಯಾದ ಮೇಲೆ ಮೆಷಿನ್ ಮತ್ತೆ ಕಟಕಟ ಎಂದಿತು. ಓಡಿಹೋಗಿ ಪಟ್ಟಿ ತೆರೆದೆ. ಈ ಸಲ ತೆರೆಯಿತು.

ಎಲ್ಲ ಇದ್ದ ಹಾಗೇ ಇತ್ತು, ದೊಡ್ಡಪ್ಪನ ಪಾಯಸವೂ ಸೇರಿ. ಕೆಳಗೆ, ಕೆಳಗೆ, ಪಟ್ಟಿಯ ತುದಿಯವರೆಗೂ ಹೋದೆ. ನೂರ ಎಂಬತ್ತಾರಕ್ಕೆ ಮುಗಿಯಬೇಕಾದದ್ದು ನೂರ ಎಂಬತ್ತೇಳಾಗಿತ್ತು. ಹೆಸರು: ಸುಧಾಮಣಿ ಮತ್ತು ಸಂಸಾರ. ಊರು: ಮೇಲಿನ ಮನೆ. ಹೇಗೆ ಕರೆಯಬೇಕು ಎಂಬಲ್ಲಿ ಏನೂ ಬರೆದಿರಲಿಲ್ಲ.

ಒಲೆ ಬೇರೆಯಾದ ಮೇಲೆ ಒಡಹುಟ್ಟಿದವರನ್ನೂ ಕುಂಕುಮ ಕೊಟ್ಟೇ ಕರೆಯಬೇಕು. ನಮ್ಮತ್ತೆ ಇದನ್ನು ಎಷ್ಟು ಸಲ ಹೇಳಿದ್ದರು! ಹೊರಗಿನ ನೂರ ಎಂಬತ್ತಾರು ಮನೆಯವರ ಮುನಿಸನ್ನು ಲೆಕ್ಕ ಹಾಕಿದವಳು, ತಲೆಯ ಮೇಲೇ ಇದ್ದವಳನ್ನು ಮರೆತಿದ್ದೆ. ಕುರ್ಚಿಯಲ್ಲಿ ಕೂತು ಒಂದು ಗಳಿಗೆ ಅತ್ತುಬಿಟ್ಟೆ. ಆಮೇಲೆ ಎದ್ದು ಸೀರೆ ಬದಲಾಯಿಸಿದೆ, ತಟ್ಟೆಯಲ್ಲಿ ಪತ್ರಿಕೆ, ಅಕ್ಷತೆ, ಕುಂಕುಮ ಇಟ್ಟೆ. "ಏಳ್ರೀ, ಪಂಚೆ ಉಟ್ಕಳಿ" ಎಂದೆ. "ಎಲ್ಲಿಗೆ?" "ಮೇಲಕ್ಕೆ." ಮೇಲಕ್ಕೆ ಹೋಗಲು ಪಂಚೆ ಯಾಕೆ ಎಂದು ಕೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಎದ್ದು ಪಂಚೆ ಹುಡುಕಿದರು.

"ಇದೇನಕ್ಕ, ಮನೇರ್ಗೆಲ್ಲಾ ಯಾರಾರ ಪತ್ರಿಕೆ ಕೊಟ್ಟಾರಾ?" ಎಂದಳು ಸುಧಾಮಣಿ. ಆದರೆ ಜಮಖಾನ ಆಗಲೇ ಹಾಸಿತ್ತು. ಮೈದುನ ಭಾನುವಾರವಾದರೂ ಅಂಗಿಗೆ ಗುಂಡಿ ಹಾಕಿಕೊಂಡು ನಿಂತಿದ್ದ. ಕುಂಕುಮ ಕೊಟ್ಟು, "ಮದ್ವೆ ನೀವೇ ನಿಂತು ನಡೆಸ್ಕೊಡ್ಬೇಕು" ಎಂದೆ.

ಅವಳು ಪತ್ರಿಕೆ ಕಣ್ಣಿಗೊತ್ತಿಕೊಂಡು, "ವೈರಸ್ ಬಾಳ ಚೆನ್ನಾಗಿತ್ತು ಕಣಕ್ಕ" ಎಂದಳು. ನಾನು ಭೂಮಿಗಿಳಿದುಹೋದೆ. "ನಮ್ ದೊಡ್ಡಪ್ಪಂಗೆ ಫೋನೂ ದಂಡ. ಕರೀದಿದ್ರೂ ಬತ್ತಾನೆ. ಇನ್ನ ನಮ್ಮವ್ವಂಗೆ ಎಲ್ಡ್ ಗಂಟೆ ಸಾಲಾಕಿಲ್ಲ, ಮೂರು ಅಂತ ತಿದ್ಕಳಿ. ಓದ್ಕಂಡು ಓದ್ಕಂಡು ಒಬ್ಳೇ ನಗ್ತಾ ಇದ್ದೆ. ಆಮೇಲೆ ನನ್ ಬಗ್ಗೆ ಏನ್ ಬರ್ದವ್ರೋ ಅಂತ ಉಡುಕ್ದೆ. ಬೈದು ಬರ್ದಿದ್ರೂ ನಗ್ತಿದ್ದೆ ಅಕ್ಕ. ನನ್ನೆಸ್ರೇ ಇಲ್ವಲ್ಲ." ಆಗ ಅವಳ ಕಣ್ಣೂ ತುಂಬಿತ್ತು. ಇಬ್ಬರೂ ಅತ್ತೆವು. ಗಂಡಸರಿಬ್ಬರೂ ಏನು ಮಾಡಲೂ ತೋಚದೆ ಕಾಫಿ ಮಾಡಲು ಹೋದರು, ಸಕ್ಕರೆ ಡಬ್ಬ ಸಿಗದೆ ವಾಪಸು ಬಂದರು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ನೀವು ಅಂದುಕೊಂಡರೆ, ನಾನು ಮೊದಲು ಹೇಳಿದ್ದನ್ನು ನೀವು ಸರಿಯಾಗಿ ಓದಿಲ್ಲ. ಸಂಜೆ ಬಂದ ಚೈತ್ರಾಳ ಕೈಲಿ ಸುಧಾಮಣಿ, "ನಂದೂ ಒಂದು ಅಂಗೇ ಮಾಡ್ಕೊಡವ್ವ" ಎಂದು ತನ್ನ ಕಂಪ್ಯೂಟರನ್ನೂ ಸೇರಿಸಿಕೊಂಡಳು. ಈಗ ನನ್ನ ಲ್ಯಾಪ್‌ಟಾಪ್ ತೆರೆದರೆ "ಅಮ್ಮ ಓಲ್ಡ್" ಕೆಳಗೆ "ಸುಧಾ" ಎಂದು ಕಾಣುತ್ತದೆ. ಅದರೊಳಗೆ ರವಿಕೆ ಡಿಸೈನು, ಅಳತೆ ಚೀಟಿ ಎಲ್ಲ ಇದೆ. ಇನ್ನೊಂದು ಫೋಲ್ಡರ್ ಇದೆ, ಅದರ ಹೆಸರು "ಕೆಳಗಿನ ಮನೆ". ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ.

ಬೇರೆಯವರದ್ದನ್ನು ಕದ್ದು ನೋಡುವ ಬುದ್ಧಿ ನನಗಿಲ್ಲ, ಅದು ನಿಮಗೂ ಗೊತ್ತಿರಲಿ. "ಅಕ್ಕ" ಎಂದು ಒಂದು ಸಲ, ಚೈತ್ರಾಳ ಹೆಸರು ಒಂದು ಸಲ, ಮಲ್ಲಿಪಟ್ಟಣ ಎಂದು ಮೂರು ಸಲ ಹೊಡೆದು ನೋಡಿದೆ, ಅಷ್ಟೇ. ನಿನ್ನೆ ಸಂಜೆ ಸುಧಾಮಣಿ ರವಿಕೆಯ ತೋಳು ನೋಡಲು ಚೈತ್ರಾಳನ್ನು ಕರೆಯಲು ಬಂದವಳು ಬಾಗಿಲಲ್ಲಿ ನಿಂತು, "ಅಕ್ಕಾ, ಐದ್ ಸಲ ಯಾರೋ ಕದ ತಟ್ಟವ್ರೆ ಅಂತ ನಮ್ ಕಂಪ್ಯೂಟರ್ ತೋರಿಸ್ತು, ನೀವಾ?" ಎಂದಳು. ನಾನು, "ಇಲ್ಲ ಕಣೇ, ವೈರಸ್ ಇರ್ಬೇಕು" ಎಂದೆ.