ಕಾವಲಿನಲ್ಲಿ ನಾನು ಮುರಿದ ಹಾಕಿ ಮುಷ್ಕರ

ಹಾಕಿ ಆಟಗಾರರ ಮುಷ್ಕರವನ್ನು ಒಂದೇ ದಿನದಲ್ಲಿ ಮುಗಿಸುವುದು ಹೇಗೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ, ಅಷ್ಟೆ.

ಈಗ ಕೇಳಿದರೆ ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಡುತ್ತೇನೆ. ಕಣ್ಣು ಮುಚ್ಚಿದರೆ ಸಾಕು, ಆ ಬಿಳೀ ಚೆಂಡು ಮತ್ತೆ ಬರುತ್ತದೆ!

ನಾನು ಚಳ್ಳಕೆರೆಯಲ್ಲಿ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿರುವ ಬಿ.ಕಾಂ. ಪದವೀಧರ. ಹೆಸರು ರಫೀಕ್. ಊರಿಗೆಲ್ಲ ಕ್ರಿಕೆಟ್ ಹುಚ್ಚಾದರೆ ನನಗೆ ಹಾಕಿ ಹುಚ್ಚು. ಕಾಲೇಜಿನಲ್ಲಿ ಹಾಕಿ ತಂಡದಲ್ಲೇ ಇದ್ದೆ. ಮೈದಾನಕ್ಕೆ ಇಳಿದದ್ದೂ ಉಂಟು, ನೀರಿನ ಬಾಟಲಿ ಹಿಡಿದುಕೊಂಡು. ಆಡಿ ಗೊತ್ತಿಲ್ಲದಿದ್ದರೇನು, ಆಡುವವರನ್ನು ಬೈದು ಚೆನ್ನಾಗಿ ಗೊತ್ತು. ಅಭಿಮಾನಿ ಅನ್ನಿಸಿಕೊಳ್ಳಲು ಬೇರೇನು ಅರ್ಹತೆ ಬೇಕು?

ಟಿವಿಯಲ್ಲಿ ದೊಡ್ಡ ಹಾಕಿ ಲೀಗ್ ಶುರುವಾಗಬೇಕಿದ್ದ ಸಂಜೆ, ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಬಂದು ಸೋಫಾದಲ್ಲಿ ಸ್ಥಾಪಿತನಾದೆ. ಪರದೆಯ ಮೇಲೆ ಆಟಗಾರರ ಬದಲು ವಕೀಲರು! ಗಾಯವಾದರೆ ಚಿಕಿತ್ಸೆಯ ಹೊಣೆ ಯಾರದು ಎಂದು ಆಟಗಾರರು ಕೇಳಿದರಂತೆ. ನಮ್ಮದಲ್ಲ ಎಂದು ತಂಡಗಳ ಮಾಲೀಕರು ಹೇಳಿದರಂತೆ. ಹಾಗಾದರೆ ಆಡುವುದಿಲ್ಲ ಎಂದು ಇವರು, ಹಾಗಾದರೆ ಮೈದಾನಕ್ಕೇ ಬೀಗ ಎಂದು ಅವರು. ನನ್ನ ಮಿರ್ಚಿ ಆರಿಹೋಯಿತು.

ಅಂದಿನಿಂದ ಚಾನೆಲ್‌ನವರು ಹಳೇ ಪಂದ್ಯಗಳನ್ನೇ ಹಾಕತೊಡಗಿದರು. ನಾನು ಅವನ್ನೂ ಬಿಡದೆ ನೋಡಿ, "ಹೊಡಿಯೋ! ಹೊಡಿಯೋ!" ಎಂದು ಕೂಗುತ್ತಿದ್ದೆ.

"ಅವನು ಹೊಡಿಯಲ್ಲ. ಹೋದ ವರ್ಷಾನೂ ಹೊಡೀಲಿಲ್ಲ, ನಿನ್ನೆ ತೋರಿಸಿದಾಗ್ಲೂ ಹೊಡೀಲಿಲ್ಲ," ಎಂದಳು ನನ್ನ ಹೆಂಡತಿ ಶಬಾನಾ.

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಅಕ್ಕಪಕ್ಕದವರಿಗೂ ಅರ್ಥವಾಗಲಿ ಎಂಬುದು ಶಬಾನಾಳ ಉದ್ದೇಶ.

"ದುರಾಸೆ ಕಣೇ ಇವರಿಗೆ!" ಎಂದೆ. "ಆಟ ಅಂದ್ಮೇಲೆ ಪೆಟ್ಟು ಬೀಳಲ್ವಾ? ಆಟದ ಮೇಲೆ ಪ್ರೀತಿ ಇರೋನು ಚಿಕಿತ್ಸೆ, ಔಷಧಿ ಅಂತ ಕೇಳ್ತಾನಾ?"

"ಮೊನ್ನೆ ಅಂಗಡೀಲಿ ಬೆರಳು ತರಚಿದ್ದಕ್ಕೆ ಯಾರೋ ಟಿಟಿ ಇಂಜೆಕ್ಷನ್ ಅಂತ ಅತ್ತರಲ್ಲಾ, ಅವರು ಯಾರ್ರೀ?"

ಅಪ್ರಸ್ತುತ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಉತ್ತರವಾಗಿ ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಪ್ರೀತಿಯಿಂದ ಆಡುವ ಹಾಕಿ ಹೇಗಿರುತ್ತದೆ ಎಂದು ಜಗತ್ತಿಗೆ ತೋರಿಸುವುದು! ಚಳ್ಳಕೆರೆಯ ಮೆಕ್ಯಾನಿಕ್ಕುಗಳು ಒಂದು ಕಡೆ, ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಇನ್ನೊಂದು ಕಡೆ. ಎರಡೂ ತಂಡಗಳ ಪೋಷಕ, ವ್ಯವಸ್ಥಾಪಕ ಮತ್ತು ಸರ್ವಾಧಿಕಾರಿ ನಾನು.

ಚಳ್ಳಕೆರೆ ತಂಡದ ಗೋಲ್‌ಕೀಪರ್ ಆಗಿ ಮಸ್ತಾನ್‌ನನ್ನು ಆರಿಸಿದೆ. ನಮ್ಮ ಅಂಗಡಿಯ ಪಕ್ಕದ ಗ್ಯಾರೇಜಿನವನು. ಎತ್ತರದ ಆಳು, ಮೇಲಿಂದ ಬೀಳುವ ಸ್ಪ್ಯಾನರನ್ನು ನೋಡದೆಯೇ ಹಿಡಿಯುವವನು. ಒಂದೇ ಒಂದು ತೊಡಕು. ಮುಂದಿನ ಭಾನುವಾರ ಅವನ ನಿಕಾಹ್. ಹುಡುಗಿ ಬೇರೆ ಯಾರೂ ಅಲ್ಲ, ಮೊಳಕಾಲ್ಮೂರಿನಲ್ಲಿರುವ ಶಬಾನಾಳ ತಂಗಿ ನಾಜಿಮಾ.

ವಿಷಯ ತಿಳಿದ ಕೂಡಲೇ ಶಬಾನಾ ಸೌಟು ಹಿಡಿದು ಹೊರಗೆ ಬಂದಳು.

"ಏನ್ರೀ, ಮದುವೆ ಗಂಡನ್ನ ಚೆಂಡಿನ ಮುಂದೆ ನಿಲ್ಲಿಸ್ತೀರಾ? ಎಷ್ಟು ಕಡೆ ತಿರುಗಿ ಕುದುರಿಸಿದ ಸಂಬಂಧ ಅದು! ಅವನ ಮುಖದ ಮೇಲೆ ಒಂದು ಗೀರು ಬೀಳಲಿ, ಆಮೇಲೆ ನಮ್ಮ ಅಮ್ಮೀಗೆ ನೀವೇ ಉತ್ತರ ಹೇಳ್ಬೇಕು."

ನಮ್ಮ ಅತ್ತೆಗೆ ಉತ್ತರ ಹೇಳಿದವರು ಇದುವರೆಗೆ ಯಾರೂ ಇಲ್ಲ.

"ಚಿತ್ರದುರ್ಗದಿಂದ ಗೋಲ್‌ಕೀಪರ್ ಕಿಟ್ ತರಿಸ್ತಿದೀನಿ ಕಣೇ. ಕಾಲಿಗೆ ಪ್ಯಾಡು, ಎದೆಗೆ ಕವಚ, ಮುಖಕ್ಕೆ ಕಬ್ಬಿಣದ ಜಾಲರಿ. ಗೀರಲ್ಲ, ಅವನ ಮುಖಕ್ಕೆ ಗಾಳೀನೂ ತಾಕಲ್ಲ!"

"ಹೋಗೋವಾಗ ಹೆಂಗೈತೋ ಹಂಗೇ ವಾಪಸ್ ಬರ್ಬೇಕು ಆ ಮುಖ," ಎಂದು ಸೌಟು ಒಳಗೆ ಹೋಯಿತು.

ದಿನ ಗೊತ್ತು ಮಾಡುವುದರಲ್ಲಿ ನನ್ನ ಬುದ್ಧಿವಂತಿಕೆಯನ್ನು ನೀವು ನೋಡಬೇಕಿತ್ತು. ನಮ್ಮ ಸಾಲಿನ ಗ್ಯಾರೇಜುಗಳಿಗೆ ಶುಕ್ರವಾರ ರಜೆ. ಮೊಳಕಾಲ್ಮೂರಿನವರ ಮಗ್ಗಗಳಿಗೆ ಅಮಾವಾಸ್ಯೆ ರಜೆ. ಕ್ಯಾಲೆಂಡರ್ ನೋಡಿದರೆ ಆ ವಾರ ಶುಕ್ರವಾರವೇ ಅಮಾವಾಸ್ಯೆ! ಪದವಿ ಓದಿದ್ದು ಸಾರ್ಥಕವಾಯಿತು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಚಿತ್ರದುರ್ಗದಿಂದ ಲಗೇಜ್ ಆಟೋದ ತಿಪ್ಪೇಶನ ಫೋನ್ ಬಂತು.

"ರಫೀಕಣ್ಣಾ, ನಿಮ್ಮ ಕಿಟ್ಟು ನಾಳೆ ತರ್ತೀನಿ."

"ನಾಳೆ ಯಾಕಪ್ಪಾ? ಮ್ಯಾಚ್ ಇವತ್ತು!"

"ಇವತ್ತು ಅಮಾಸೆ ಅಲ್ವೇನಣ್ಣ? ಗಾಡಿ ತೊಳದು, ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ನಿಲ್ಸಿದೀನಿ. ಅಮಾಸೆ ದಿನ ಗಾಡಿ ಎತ್ತಲ್ಲ ನಾನು."

ಎರಡೂ ತಂಡಗಳಿಗೆ ರಜೆ ಇರುವ ದಿನವನ್ನು ಹುಡುಕಿದ್ದೆ. ಗಾಡಿಗೂ ಅವತ್ತೇ ರಜೆ ಎಂಬುದನ್ನು ಮರೆತಿದ್ದೆ!

ಆದರೆ ಆಡಳಿತಗಾರನಾದವನು ಎದೆಗುಂದಬಾರದು. ಅಂಗಡಿಯಲ್ಲಿದ್ದ ಹಳೇ ಸ್ಕೂಟರ್ ಟೈರುಗಳನ್ನು ಸೀಳಿಸಿ ಕಾಲಿಗೆ ಪ್ಯಾಡ್ ಮಾಡಿದೆ. ಗೋಣಿಚೀಲದೊಳಗೆ ತೆಂಗಿನ ನಾರು ತುಂಬಿ ಎದೆಗವಚ ಹೊಲಿಸಿದೆ. ತಲೆಗೆ ಬೈಕಿನ ಅರ್ಧ ಹೆಲ್ಮೆಟ್. ಮುಖಕ್ಕೆ? ಮುಖಕ್ಕೆ ದೇವರಿದ್ದಾನೆ. ಕೆಲವರ ಹಾಕಿ ಕೋಲುಗಳೂ ಜಾಲಿಮರದಿಂದ ಕಡಿದವು. ಚೆಂಡು ಮಾತ್ರ ಅಸಲಿ, ಕಲ್ಲಿನಂಥದ್ದು. ಬೇರೆಲ್ಲದರಲ್ಲಿ ಉಳಿಸಿ ಚೆಂಡಿಗೆ ಸುರಿಯುವುದು ಒಳ್ಳೆಯ ಮಾಲೀಕನ ಲಕ್ಷಣವೆಂದು ನಾನು ನಂಬಿದ್ದೆ.

ಪಂದ್ಯ ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ. ಮೈಲುಗಟ್ಟಲೆ ಹುಲ್ಲುಗಾವಲು ಎಂದು ಹೆಸರು. ಈಗ ಅದರಲ್ಲಿ ದೊಡ್ಡ ವಿಜ್ಞಾನ ಸಂಸ್ಥೆಗಳ ಕಾಂಪೌಂಡುಗಳು ಎದ್ದು, ಕುರಿಗಳೂ ಗೇಟಿನಲ್ಲಿ ಸಹಿ ಹಾಕಿ ಮೇಯಬೇಕಾದ ಪರಿಸ್ಥಿತಿ. ಉಳಿದ ಬಯಲಿನ ಒಂದು ತುಂಡಿನಲ್ಲಿ ನಾನು ಸುಣ್ಣದ ಗೆರೆ ಎಳೆಸಿದ್ದೆ. ಜುಮ್ಮಾ ನಮಾಜು ಮುಗಿಸಿ ಹೋಗಿ ನೋಡಿದರೆ ಗೆರೆಯ ನಡುವೆ ಕುರಿಹಿಂಡು ಕೂತಿತ್ತು, ಪಕ್ಕದಲ್ಲಿ ಕುರಿ ಕಾಯುವ ಪಾಲಯ್ಯಜ್ಜ.

"ಅಜ್ಜಾ, ಕುರಿ ಎಬ್ಬಿಸಿ. ಇಲ್ಲಿ ಮ್ಯಾಚ್ ಐತೆ."

"ಈ ಕಡೆ ಗ್ವಾಡೆ ಕಟ್ಟಿ ಎಬ್ಬಿಸಿದ್ರು, ಈಗ ನೀವು ಸುಣ್ಣ ಹಾಕಿ ಎಬ್ಬಿಸ್ತೀರೇನು ಸಾಬ್ರೇ?" ಎಂದ ಅಜ್ಜ. ಆದರೂ ಎಬ್ಬಿಸಿದ. ಎಬ್ಬಿಸಿ, ನೋಡೋಣ ಎಂದು ಅಲ್ಲೇ ಕೋಲೂರಿ ನಿಂತ.

ಜನ ಬೈಕುಗಳಲ್ಲಿ ಬಂದು ತುಂಬಿದರು. ಮೊಳಕಾಲ್ಮೂರಿನವರು ಬಸ್ಸಿನಲ್ಲಿ ಬಂದಿಳಿದರು. ನಾನು ಸೀಟಿ ಬಾಯಿಗಿಟ್ಟೆ. ಅಷ್ಟರಲ್ಲಿ ಮಸ್ತಾನ್ ಟೈರ್ ಪ್ಯಾಡನ್ನು ಎತ್ತಿ ನೋಡಿ, ಕೆಳಗಿಟ್ಟು, ಗೋಲಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಏನೋ ಮಸ್ತಾನ್?"

"ಜಾಲರಿ ಎಲ್ಲಿ ಭಾಯ್?"

"ನಾಳೆ ಬರ್ತೈತೆ."

"ಹಂಗಾದ್ರೆ ನಾಳೆ ನಿಲ್ತೀನಿ. ಭಾನುವಾರ ನಂದು ನಿಕಾಹ್ ಐತೆ. ಮೂಗು ಎತ್ಲಾಗೋ ಹೋಗಿರೋ ಮುಖ ಇಟ್ಕೊಂಡು ಕುಬೂಲ್ ಹೈ ಅಂದ್ರೆ ಆ ಹುಡುಗಿ ಏನಂತಾಳೆ?"

ನಾನು ನೋಡುತ್ತಿದ್ದಂತೆಯೇ ಉಳಿದ ಮೆಕ್ಯಾನಿಕ್ಕುಗಳೂ ಅವನ ಹಿಂದೆ ಕೂತರು. ನನ್ನ ಕಣ್ಣ ಮುಂದೆ, ನನ್ನದೇ ಸುಣ್ಣದ ಗೆರೆಯ ಒಳಗೆ, ಮುಷ್ಕರ!

ಇಂಥ ಸಂದರ್ಭಕ್ಕೆಂದೇ ನಾನು ಸಿದ್ಧವಾಗಿದ್ದೆನಲ್ಲ? ಕಲ್ಲಿನ ಮೇಲೆ ಹತ್ತಿ ಭಾಷಣ ಮಾಡಿದೆ. "ಸಹೋದರರೇ, ಆಟವೆಂಬುದು ಒಂದು ತಪಸ್ಸು. ಪ್ರೀತಿಗೆ ಪ್ಯಾಡ್ ಬೇಕೆ? ಭಕ್ತಿಗೆ ಜಾಲರಿ ಬೇಕೆ?"

"ಭಕ್ತಿಗೆ ಬ್ಯಾಡ, ಹಲ್ಲಿಗೆ ಬೇಕು," ಎಂದ ಹಿಂದಿನಿಂದ ಒಬ್ಬ.

ಸರಿ, ಒಡೆದು ಆಳೋಣವೆಂದು ಮೊಳಕಾಲ್ಮೂರು ತಂಡದ ನಾಯಕ ನಾಗರಾಜನ ಬಳಿಗೆ ಹೋದೆ. ಸಣಕಲ ದೇಹ. ಹುಟ್ಟಿದಾಗಿನಿಂದ ಮಗ್ಗದ ಮುಂದೆ ಕೂತವನು. ಕಿವಿಯಲ್ಲಿ ಪಿಸುಗುಟ್ಟಿದೆ: "ನಾಗರಾಜಾ, ನಿಮ್ಮಲ್ಲೊಬ್ಬನನ್ನು ಚಳ್ಳಕೆರೆ ಕಡೆ ಗೋಲಿಗೆ ಕೊಡು. ಬದಲಿ ಆಟಗಾರ."

"ಏಂದಣ್ಣಾ ಇದಿ? ಏನಣ್ಣಾ ಇದು?" ಎಂದು ಅವನು ತೆಲುಗು ಬೆರೆಸಿ ಗಟ್ಟಿಯಾಗಿಯೇ ಕೇಳಿದ. "ಮಸ್ತಾನ್ ನಮ್ಮೂರ ಅಳಿಯ ಆಗೋನು. ಅವನು ನ್ಯಾಯ ಕೇಳ್ತಾ ಕೂತಿರುವಾಗ ನಾವು ಹೋಗಿ ಅವನ ಜಾಗದಾಗೆ ನಿಲ್ಲೋದಾ? ಆಗಲ್ಲಣ್ಣ." ಎಂದವನೇ ತನ್ನ ತಂಡದೊಂದಿಗೆ ತಾನೂ ಕೂತ.

ಪಾಲಯ್ಯಜ್ಜ ನಕ್ಕ. "ಸಾಬ್ರೇ, ಈಗ ನನ್ನ ಕುರಿ ಒಳಕ್ಕೆ ಬಿಡ್ಲಾ? ಹೆಂಗೂ ಎಲ್ರೂ ಕುಂತವ್ರೆ."

ಜನ ಸೀಟಿ ಹೊಡೆಯತೊಡಗಿದರು. "ರಫೀಕ್ ಭಾಯ್, ಪೆಟ್ರೋಲ್ ಸುಟ್ಕೊಂಡು ಬಂದಿದೀವಿ! ಆಡ್ಸಿ, ಇಲ್ಲಾ ನೀವೇ ಆಡಿ!"

ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದ ಮಾತನ್ನು ನಾನು ಇಂದಿಗೂ ಬೇರೆ ಯಾರೋ ಆಡಿದ್ದು ಎಂದೇ ನಂಬಲು ಪ್ರಯತ್ನಿಸುತ್ತಿದ್ದೇನೆ.

"ಸುಮ್ನೆ ನಿಲ್ಲೋ ಕೆಲಸ! ಇದಕ್ಕೆ ಇಷ್ಟೊಂದು ರಂಪನಾ? ಕೊಡ್ರೋ ಇಲ್ಲಿ ಪ್ಯಾಡು, ನಾನೇ ನಿಲ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಮುಷ್ಕರ ಆ ಕ್ಷಣವೇ ಮುಗಿಯಿತು! ಇದಕ್ಕಿಂತ ಉತ್ಸಾಹದಿಂದ ಆಟಗಾರರು ಕೆಲಸಕ್ಕೆ ಮರಳಿದ್ದನ್ನು ಯಾವ ಮಾಲೀಕನೂ ಕಂಡಿರಲಾರ. ಮಸ್ತಾನ್ ತಾನೇ ಬಂದು ನನ್ನ ಕಾಲಿಗೆ ಟೈರು ಬಿಗಿದ. "ಭಾಯ್, ಕಣ್ಣು ಮುಚ್ಬೇಡಿ," ಎಂದು ಬುದ್ಧಿ ಹೇಳಿ, ತಾನು ಚೆಂಡಿನಿಂದ ಆದಷ್ಟು ದೂರದ ಮೂಲೆಗೆ ಹೋಗಿ ನಿಂತ.

ಟೈರು ಕಟ್ಟಿಕೊಂಡ ಮನುಷ್ಯ ಬಾಗಲಾರ. ನಾರಿನ ಗೋಣಿ ಹೊತ್ತ ಮನುಷ್ಯ ತಿರುಗಲಾರ. ಒಟ್ಟಿನಲ್ಲಿ ನಾನು ಗೋಲಿನ ಮೂರನೇ ಕಂಬವಾಗಿದ್ದೆ.

ಸ್ವಲ್ಪ ಹೊತ್ತು ಚೆಂಡು ದೂರದಲ್ಲೇ ಓಡಾಡಿತು. ಇಷ್ಟೇನಾ ಎಂದುಕೊಂಡು ಜನರತ್ತ ಕೈ ಬೀಸಿದೆ. ಬೀಸಿದ ಕೈ ಇಳಿಯುವುದರೊಳಗೆ ನಾಗರಾಜ ಎದುರಿಗಿದ್ದ. ಮಗ್ಗದಲ್ಲಿ ದಿನವಿಡೀ ಹಗ್ಗ ಜಗ್ಗಿ ಲಾಳಿ ಹಾರಿಸುವ ಕೈ ಅದು! ಸಣಕಲ ದೇಹದ ಶಕ್ತಿಯೆಲ್ಲ ಆ ರಟ್ಟೆಯಲ್ಲಿ ಮನೆ ಮಾಡಿಕೊಂಡಿತ್ತು. ಅವನು ಕೋಲನ್ನು ಎತ್ತಲೂ ಇಲ್ಲ. ಒಂದು ಸಲ ಜಗ್ಗಿದ, ಅಷ್ಟೆ.

ಝುಂಯ್!

ನನ್ನ ಬಲಗಿವಿಯ ಪಕ್ಕದಲ್ಲಿ ಏನೋ ಹೋಯಿತು. ಆಮೇಲೆ ಗಾಳಿ ಹೋಯಿತು. ಆಮೇಲೆ ನನ್ನ ಧೈರ್ಯ ಹೋಯಿತು. ಹಿಂದಿದ್ದ ಜಾಲಿಗಿಡದ ಕೊಂಬೆಯೊಂದು ಲಟಕ್ಕನೆ ಮುರಿದುಬಿತ್ತು. ಮರಕ್ಕೇ ಹೀಗಾದರೆ ಬಿ.ಕಾಂ.ಗೆ ಹೇಗಾದೀತು ಎಂಬ ಲೆಕ್ಕ ಆಗ ತಲೆಗೆ ಹೊಳೆಯಿತು.

"ನಿಲ್ಸಿ! ಆಟ ನಿಲ್ಸಿ!" ಎಂದು ಕೂಗಿದೆ. "ನನಗೆ ಜಾಲರಿ ಬೇಕು!"

"ಪ್ರೀತಿ ಬೇಕು ಭಾಯ್, ಪ್ರೀತಿ!" ಎಂದು ಜನ ಕೂಗಿದರು. "ಪೆಟ್ರೋಲ್ ವಾಪಸ್ ಕೊಡ್ತೀರಾ? ಸುಮ್ನೆ ನಿಲ್ರೀ!" ಆ ದನಿ ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿತು. ನಮ್ಮ ಮನೆಯ ಸೋಫಾದಿಂದ ಬರುವ ದನಿ ಅದು!

ನಾಗರಾಜ ಮತ್ತೆ ಬಂದ. ಈ ಸಲ ಚೆಂಡು ನೆಲಮಟ್ಟದಲ್ಲಿ ಬರುತ್ತಿತ್ತು. ಸದ್ಯ, ಟೈರಿಗೆ ಬಡಿಯುತ್ತದೆ ಎಂದು ಉಸಿರು ಬಿಟ್ಟೆ. ಕಾವಲಿನ ನೆಲ ಸೋಫಾದಿಂದ ನೋಡುವ ಹಸಿರು ಮೈದಾನವಲ್ಲ. ಹುಲ್ಲಿನ ನಡುವೆ ಇದ್ದ ಒಂದು ಕಲ್ಲು ಚೆಂಡನ್ನು ಪ್ರೀತಿಯಿಂದ ಮೇಲಕ್ಕೆ ಎತ್ತಿಕೊಟ್ಟಿತು. ಅದು ಬರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಚೆಂಡಿನ ಮೇಲಿನ ಹೊಲಿಗೆಯಂಥ ಗೆರೆ ಕೂಡ ಕಂಡಿತು. ಅಷ್ಟೆಲ್ಲ ಕಂಡರೂ ಪಕ್ಕಕ್ಕೆ ಸರಿಯಬೇಕೆಂಬ ಸುದ್ದಿ ಮಾತ್ರ ಕಾಲಿಗೆ ತಲುಪಲಿಲ್ಲ.

ಆಡಳಿತ ಮಂಡಳಿ ನೆಲಕ್ಕುರುಳಿತು.

ಕಣ್ಣು ಬಿಟ್ಟಾಗ ಮೇಲೆ ಆಕಾಶ, ಸುತ್ತ ಮುಖಗಳು, ನಡುವೆ ಒಂದು ಕುರಿ. "ಜೀವ ಐತೆ," ಎಂದು ಪಾಲಯ್ಯಜ್ಜ ಘೋಷಿಸಿದ. ನಾನು ತೊದಲುತ್ತಾ ಕೇಳಿದ ಮೊದಲ ಪ್ರಶ್ನೆ, "ಆಸ್ಪತ್ರೆ ಖರ್ಚು ಯಾರು ನೋಡ್ಕೋತಾರೆ?"

ಮಸ್ತಾನ್ ಮೆಲ್ಲಗೆ ಹೇಳಿದ, "ಮಾಲೀಕರು ನೋಡ್ಕೋಬೇಕು ಭಾಯ್. ಮಾಲೀಕರು ನೀವೇ."

ಅವನೇ ನನ್ನನ್ನು ಬೈಕಿನ ಮೇಲೆ ಕೂರಿಸಿ, ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ, ಮನೆಗೆ ತಂದ. ಬಾಗಿಲು ತೆರೆದ ಶಬಾನಾ ಮೊದಲು ಹಿಡಿದದ್ದು ಮಸ್ತಾನ್‌ನ ಗದ್ದವನ್ನು. ಬೆಳಕಿಗೆ ತಿರುಗಿಸಿ ಎಡಗೆನ್ನೆ, ಬಲಗೆನ್ನೆ, ಹಣೆ ಎಲ್ಲವನ್ನೂ ಪರೀಕ್ಷಿಸಿದಳು.

"ಅಲ್ಲಾನ ದಯೆ! ಒಂದು ಗೀರೂ ಇಲ್ಲ," ಎಂದಳು. ಆಮೇಲೆ ನನ್ನ ಕಡೆ ನೋಡಿ, "ಇವರು ಯಾರು?" ಎಂದಳು.

ಆಮೇಲೆ ಅವಳು ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ. ನೋಡಲು ನನಗೆ ಒಂದೇ ಕಣ್ಣು ತೆರೆದಿತ್ತಾದರೂ ನೋಡಿದೆ.

ಭಾನುವಾರ ಬಂತು. ಮನೆಯ ದೊಡ್ಡ ಅಳಿಯನಾಗಿ ಮೊಳಕಾಲ್ಮೂರಿನ ಶಾದಿ ಮಹಲ್ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಬರಮಾಡಿಕೊಳ್ಳುವ ಜವಾಬ್ದಾರಿ ನನ್ನದು. ಮೂಗು ಎಡಕ್ಕೆ, ತುಟಿ ಬಲಕ್ಕೆ, ಒಂದು ಕಣ್ಣು ಬದನೆಕಾಯಿ ಬಣ್ಣಕ್ಕೆ. ಬಂದವರು ಸಲಾಂ ಹೇಳಲು ಬಾಯಿ ತೆರೆದು, ನನ್ನನ್ನು ನೋಡಿ, ತೆರೆದ ಬಾಯನ್ನು ಹಾಗೇ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಒಬ್ಬ ಮುದುಕಿಯಂತೂ ನಮ್ಮ ಅತ್ತೆಯನ್ನು ಕರೆದು, "ಮದುಮಗ ಇವನೇನಾ? ಒಪ್ಪಲಿಲ್ಲ ಅಂತ ಹೊಡೆದ್ರಾ?" ಎಂದು ವಿಚಾರಿಸಿದಳು.

ಅಷ್ಟರಲ್ಲಿ ಮಸ್ತಾನ್‌ನ ದಿಬ್ಬಣ ಬಂತು. ನಾನು ಪ್ರಾಣ ಒತ್ತೆಯಿಟ್ಟು ಉಳಿಸಿಕೊಟ್ಟ ಆ ಮುಖವನ್ನು ಹೆಮ್ಮೆಯಿಂದ ನೋಡೋಣವೆಂದು ಮುಂದೆ ನುಗ್ಗಿದೆ.

ಮುಖವೇ ಇರಲಿಲ್ಲ! ಪದ್ಧತಿಯಂತೆ ಮದುಮಗನಿಗೆ ಪೇಟದಿಂದ ಎದೆಯವರೆಗೆ ಮಲ್ಲಿಗೆಯ ಸೆಹ್ರಾ ಕಟ್ಟಿದ್ದರು. ಹೂವಿನ ಪರದೆಯ ಹಿಂದೆ ಮಸ್ತಾನ್ ಇದ್ದಾನೋ ತಿಪ್ಪೇಶ ಇದ್ದಾನೋ ಯಾರಿಗೂ ತಿಳಿಯುವಂತಿರಲಿಲ್ಲ. ನಿಕಾಹ್ ಮುಗಿಯುವವರೆಗೂ ಆ ಮುಖವನ್ನು ಒಬ್ಬರೂ ನೋಡಲಿಲ್ಲ. ಅಷ್ಟೂ ಹೊತ್ತು ಇಡೀ ಎರಡು ತಾಲ್ಲೂಕು ನೋಡಿದ್ದು ನನ್ನ ಮುಖವನ್ನು.

ಫೋಟೋಗೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ ಫೋಟೋಗ್ರಾಫರ್ ಕ್ಯಾಮೆರಾದೊಳಗೆ ಇಣುಕಿ, ತಲೆಯೆತ್ತಿ, ಮತ್ತೆ ಇಣುಕಿ, ಕೊನೆಗೆ ಶಬಾನಾಳ ಕಡೆ ತಿರುಗಿದ.

"ಅಕ್ಕಾ, ಇನ್ನೊಂದು ಸೆಹ್ರಾ ಇದ್ರೆ ಇವರಿಗೂ ಕಟ್ಟಿಬಿಡಿ."