ಅಮಾಸಿ ದಾಟಿದ ಮೇಲೆ ವಿಮೆ

೧೯೮೪ರ ಮೇ ೩೦, ಬುಧವಾರ, ಬೆಳಗಿನ ಎಂಟು ಗಂಟೆ ಹತ್ತು ನಿಮಿಷ. ತಮ್ಮ ಮೋಟಾರ್ ಸೈಕಲ್ಲಿನ ವಿಮೆ ಹಿಂದಿನ ರಾತ್ರಿಯೇ ಮುಗಿದಿದೆ ಎಂಬುದು ಹುನಗುಂದದ ಗುರಲಿಂಗಪ್ಪ ಮಾಸ್ತರರಿಗೆ ಆಗ ಗೊತ್ತಾಯಿತು. ಶುಕ್ರವಾರ ರಾಮಥಾಳದ ಸಾಲಿ ತೆರೆಯುತ್ತದೆ. ಬಸ್ಸಿನ ಮರ್ಜಿ ಕಾಯದೆ ಅಲ್ಲಿಗೆ ಹೋಗಿ ವಿಜ್ಞಾನ ಕಲಿಸಬೇಕೆಂದರೆ ಈ ಗಾಡಿಯೇ ಗತಿ.

ಗಾಡಿಗೆ ಹದಿನಾಲ್ಕು ವರ್ಷ. ಕಿಕ್ ಹೊಡೆದರೆ ನಶ್ಯ ಏರಿಸಿದ ಮುದುಕನ ಹಾಗೆ ಸೀನಿ ಸುಮ್ಮನಾಗುತ್ತಿತ್ತು. ಅದಕ್ಕೇ ಮಾಸ್ತರರು ಅದನ್ನು ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಮುಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದರು. ಹತ್ತಿ ಕೂತು ಕಲ್ಲನ್ನು ಒದ್ದರೆ ಸಾಕು, ಉಳಿದದ್ದನ್ನು ಗುರುತ್ವಾಕರ್ಷಣೆ ನೋಡಿಕೊಳ್ಳುತ್ತಿತ್ತು.

ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ ಇಳಕಲ್ಲಿನಿಂದ ವಿಮಾ ಏಜೆಂಟ್ ದುರ್ಗಪ್ಪ ಬಂದ. ಇಳಿಜಾರಿನ ಬುಡದ ಬೇವಿನ ನೆರಳಿಗೆ ತನ್ನ ಸ್ಕೂಟರ್ ನಿಲ್ಲಿಸಿ ಮೇಲೆ ಹತ್ತಿದ.

"ಎರಡು ನಮೂನಿ ಅದಾವ್ರಿ ಸರ. ಥರ್ಡ್ ಪಾರ್ಟಿ ಅಂದ್ರ ನಿಮ್ಮ ಗಾಡಿ ಮಂದಿಗೆ ಮಾಡಿದ ಲುಕ್ಸಾನಕ್ಕ. ಫುಲ್ ಅಂದ್ರ ನಿಮ್ಮ ಗಾಡಿಗೂ ಸೇರಿ."

"ಫುಲ್ ಮಾಡಸ್ರಿ ಮಾಸ್ತರ," ಎಂದ ಕರೆಯದೆ ಬಂದ ಪಕ್ಕದ ಮನೆಯ ಬಂಡೆಪ್ಪ. "ನಾಳೆ ಕಳುವಾದ್ರ?"

"ಕದ್ದಾವ ಇಳಿಜಾರು ಎಲ್ಲಿಂದ ತರ್ತಾನೋ?" ಎಂದರು ಮಾಸ್ತರರು.

ಒಳಗಿನಿಂದ ಹೆಂಡತಿ ಪದ್ಮವ್ವನ ದನಿ ಬಂತು: "ಮಂದಿ ಲುಕ್ಸಾನ ಮಂದಿ ನೋಡ್ಕೋತಾರ. ರೊಕ್ಕ ನಮ್ಮದು, ನಮ್ಮ ಗಾಡಿಗೇ ಮಾಡಸ್ರಿ."

ಮಾಸ್ತರರು ಕನ್ನಡಕ ಒರೆಸಿಕೊಂಡು ವಿಚಾರ ಮಾಡಿದರು. ಗಾಡಿ ಮಾರಿದರೆ ಬರುವುದೇ ಅಷ್ಟಕ್ಕಷ್ಟೆ. ಅದಕ್ಕೆ ಬೀಳಲು ಉಳಿದ ಪೆಟ್ಟುಗಳೂ ಹೆಚ್ಚಿಲ್ಲ. ಆದರೆ ಮಂದಿಯದು ಮುರಿದರೆ ಎಷ್ಟಾದೀತೆಂದು ಯಾರು ಬಲ್ಲರು? "ಥರ್ಡ್ ಪಾರ್ಟಿ ಸಾಕು," ಎಂದು ತೀರ್ಪು ಕೊಟ್ಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಸಹಿಗೆ ಪೆನ್ನು ತೆಗೆದಾಗ ಪದ್ಮವ್ವ ಹೊರಗೇ ಬಂದಳು. "ಏನ್ರಿ, ಇವತ್ತ ಬಾದಾಮಿ ಅಮಾಸಿ! ಇವತ್ತಿಂದ ಚಾಲೂ ಮಾಡ್ತೀರೇನ? ನಾಳೆ ಪಾಡ್ಯೇಕ್ಕ ಮಾಡಸ್ರಿ."

ಏಜೆಂಟ್ ಜಗಳ ಆಡುತ್ತಾನೆಂದು ಮಾಸ್ತರರು ಅವನತ್ತ ನೋಡಿದರು. ದುರ್ಗಪ್ಪ ತಟ್ಟನೆ, "ಅಕ್ಕಾವ್ರು ಹೇಳೂದು ಖರೆ ಐತ್ರಿ," ಎಂದು ನಾಳೆಯ ತಾರೀಖನ್ನೇ ಬರೆದು, ಸಹಿ ಹಾಕಿಸಿದ.

ಅಮಾಸಿ ಅಂದಮೇಲೆ ಗಾಡಿಗೆ ಪೂಜೆ ಆಗಲೇಬೇಕು. ಮಾಸ್ತರರು ಏಜೆಂಟನಿಗೆ ಚಹಾ ಕೊಡುವಷ್ಟರಲ್ಲಿ ಪದ್ಮವ್ವ ವಿಭೂತಿ ಬಳಿದು, ಗಾಲಿಯಡಿ ಲಿಂಬಿಹಣ್ಣು ಇಟ್ಟಳು. ಬಂಡೆಪ್ಪ ಮುಂದಿನ ಗಾಲಿ ಕಾಣದಂತೆ ಚೆಂಡುಹೂವಿನ ಮಾಲೆ ಇಳಿಬಿಟ್ಟ.

"ಹತ್ರಿ ಮಾಸ್ತರ, ಲಿಂಬಿಹಣ್ಣು ಒಡೀರಿ."

"ಇರೋ, ಪೆಟ್ರೋಲ್ ಬಿಡ್ತೇನಿ," ಎನ್ನುತ್ತ ಮಾಸ್ತರರು ಹತ್ತಿ ಕೂತು ಸ್ಟ್ಯಾಂಡ್ ಎತ್ತಿದರು, ಕಲ್ಲಿನ ಮೇಲೆ ಪೂರ್ಣ ವಿಶ್ವಾಸವಿಟ್ಟು.

ಪಚಕ್ ಎಂದಿತು. ಗಾಡಿ ಹೊರಟಿತು.

"ಕಲ್ಲು! ಕಲ್ಲೆಲ್ಲಿ?"

"ಲಿಂಬಿಹಣ್ಣಿಡಾಕ ಜಾಗಾ ಬೇಕಲ್ರಿ, ತಗದೇನಿ!" ಎಂದು ಹಿಂದಿನಿಂದ ಪದ್ಮವ್ವ ಕೂಗಿದಳು.

ಗಾಡಿಯ ಬ್ರೇಕು, ಅಪ್ಪಣೆಯಾದ ಮೇಲೆ ಸ್ವಲ್ಪ ಆಲೋಚಿಸುವ ಜಾತಿಯದು. ಅದರ ಆಲೋಚನೆ ಮುಗಿಯುವ ಮೊದಲೇ ಬೇವಿನ ಗಿಡ ಬಂತು. ಗಿಡಕ್ಕೆ ಮುಂಚೆ ಸ್ಕೂಟರ್ ಬಂತು.

ಧೂಳು ಇಳಿದಾಗ ಮಾಸ್ತರರು ಎದ್ದು ನಿಂತಿದ್ದರು. ಗಾಡಿಗೆ ಒಂದು ಗೀರೂ ಇಲ್ಲ. ಸ್ಕೂಟರಿನ ಮುಂಭಾಗ ಮಾತ್ರ ಹಪ್ಪಳದಂತೆ ಮುದುಡಿತ್ತು.

"ಥರ್ಡ್ ಪಾರ್ಟಿ ಐತಲ್ಲ?" ಓಡಿಬಂದ ಬಂಡೆಪ್ಪ ಕೇಳಿದ.

"ನಾಳಿಂದ," ಎಂದರು ಮಾಸ್ತರರು. ಆಮೇಲೆ ಆಸೆಯಿಂದ ಏಜೆಂಟನತ್ತ ತಿರುಗಿದರು. "ಆದ್ರೂ ನಿಮ್ಮದು ಫುಲ್ ಇರಬೇಕಲ್ರಿ?"

ದುರ್ಗಪ್ಪ ನೆಲ ನೋಡಿದ. "ಮೊನ್ನೆ ಮುಗದೈತ್ರಿ ಸರ. ನಮ್ಮ ಮನಿಯಾಕೀನೂ ಅಮಾಸಿ ದಾಟಲಿ ಅಂದ್ಲು."

ಸ್ಕೂಟರಿನ ರಿಪೇರಿ ಮಾಸ್ತರರ ತಲೆಗೆ ಬಂತು. ಅದು ಮುಗಿಯುವ ತನಕ ಊರೂರು ತಿರುಗಲು ದುರ್ಗಪ್ಪನಿಗೆ ಗಾಡಿ ಬೇಕಲ್ಲ? "ನಿಮ್ಮ ಗಾಡೀನ ಒಯ್ತೇನ್ರಿ," ಎಂದ. "ಒಯ್ಯಾಕ ನಾಳೆ ಮುಂಜಾನೆ ಬರ್ತೇನಿ. ನಾಳಿಂದ ವಿಮಾನೂ ಐತಿ, ಕಾಳಜಿ ಬ್ಯಾಡ್ರಿ."

ಶುಕ್ರವಾರ ರಾಮಥಾಳದ ಬಸ್ಸು ಕಾಯಲು ಹೊರಡುವ ಮೊದಲು ಮಾಸ್ತರರು, ಕಲ್ಲನ್ನೇ ತೆಗೆಸುವಷ್ಟು ಜಾಗ ಬೇಡಿದ ಹಣ್ಣು ಎಷ್ಟು ದಪ್ಪವೆಂದು, ಪೂಜೆಯ ತಟ್ಟೆಯಲ್ಲಿ ಉಳಿದಿದ್ದ ಇನ್ನೊಂದು ಲಿಂಬಿಹಣ್ಣಿಗೆ ಸಾಲಿಯ ಕ್ಯಾಲಿಪರ್ ಹಿಡಿದು ನೋಡಿದರು. ವ್ಯಾಸ ನಾಲ್ಕು ಸೆಂಟಿಮೀಟರ್ ಒಂದು ಮಿಲಿಮೀಟರ್.