ಪಿಸ್ತೂಲಿನ ಗಂಟಲಾಗ ಸಿಕ್ಕ ಖೋಕಾ

ಬಂದೂಕಿನ ಸಂಗಡ ಬಾಳೇವು ಮಾಡಿದವನಿಗೆ ನಗುವ ಪ್ರಸಂಗ ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಮನೆತನಕ ಬರುತ್ತವೆ.

ನಾ ಸಾಲಿಯ ಕಟ್ಟೆ ಹತ್ತಿದವನಲ್ಲ. ಅಕ್ಷರ ಕಲಿತದ್ದು ಅಂಗಡಿ ಬೋರ್ಡು ನೋಡಿ. ಆದರೆ ಬಂದೂಕು ರಿಪೇರಿ ಅಂದರೆ ಹಳೇ ಬಾಗಲಕೋಟೆಯಲ್ಲಿ ನನ್ನ ಅಂಗಡಿಯೇ. ಈಗ ಆ ಜಾಗ ಹಿನ್ನೀರಿನೊಳಗೆ ಮುಳುಗಿದೆ. ಅಲ್ಲಿ ಬೆಳೆದ ಮೀನು ಬಲೆ ಕಂಡರೆ ಓಡುವುದಿಲ್ಲ, ಎದೆ ಸೆಟೆಸಿ ನಿಲ್ಲುತ್ತದೆ ಅಂತ ಮೀನು ಹಿಡಿಯುವವರೇ ನನ್ನ ಮುಂದೆ ಹೇಳಿದ್ದಾರೆ.

ಅಂಗಡಿ ಹೋದ ಮೇಲೆ ನವನಗರದ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನವರು, "ಚಾಚಾ, ನಮ್ಮ ಪಿಸ್ತೂಲು ನೀವ ನೋಡ್ಕೋರಿ" ಅಂತ ಕರೆದುಕೊಂಡು ಹೋದರು. ಅಲ್ಲಿಗೆ ಇಳಕಲ್ಲಿನಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಅವಳು ಪಿಸ್ತೂಲು ಹಿಡಿದು ನಿಂತಳೆಂದರೆ ಗಾಳಿಯೂ ಉಸಿರು ಬಿಗಿಹಿಡಿಯುತ್ತಿತ್ತು. ದೀಪಾವಳಿ ಆದಮೇಲೆ ನಮ್ಮ ಮೈದಾನದಲ್ಲೇ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು. "ಸಾಲಿಯವ್ರು ಈ ವರ್ಷ ಒಂದ ರಜಾ ಕೊಟ್ಟಾರ ಚಾಚಾ. ಇದು ತಪ್ಪಿದ್ರ ಮುಗೀತು, ಮತ್ತ ಮಕ್ಕಳ ಮುಂದ ಸೀಟಿ ಊದೂದ" ಅಂದಿದ್ದಳು.

ಅಷ್ಟರಲ್ಲಿ ಅವಳು ಹೊಡೆಯುತ್ತಿದ್ದ ಕ್ಲಬ್ಬಿನ ಪಿಸ್ತೂಲು ಕೈಕೊಟ್ಟಿತು. ಅದು ಸಣ್ಣ ಗುಂಡಿನ ಪಿಸ್ತೂಲು. ಗುಂಡು ಹಾರಿದ ಮೇಲೆ ಖಾಲಿ ಹಿತ್ತಾಳೆ ಕೊಳವೆ ತಾನೇ ಹೊರಗೆ ಚಿಮ್ಮಬೇಕು. ಅದಕ್ಕೆ ನಾವು ಖೋಕಾ ಅಂತೇವಿ. ಆ ಖೋಕಾ ಒಳಗೇ ಕಚ್ಚಿಕೊಂಡು ಕೂಡತೊಡಗಿತು. ಐದು ಗುಂಡು ಚಕಚಕನೆ ಹೊಡೆಯಬೇಕಾದ ಆಟದಲ್ಲಿ ಎರಡನೆಯದಕ್ಕೇ ಗಂಟಲು ಕಟ್ಟಿದರೆ ಏನು ಗತಿ?

ಪಿಸ್ತೂಲಿಗೆ ಕಾಮಾಲೆ

ಮೊದಲು ಒಳಗೆ ಬಟ್ಟೆ ಹಾಕಿ ಎಳೆದೆ. ಬಟ್ಟೆ ಕಪ್ಪಾಗಿ ಬರಬೇಕು, ಹಳದಿಯಾಗಿ ಬಂತು. ನನ್ನ ಆಯುಷ್ಯದಲ್ಲಿ ಕಂಡದ್ದಲ್ಲ.

"ಲೇ ಸೆಕ್ರೆಟರಿ, ಬಾ ಇಲ್ಲೆ! ಪಿಸ್ತೂಲಿಗೆ ಕಾಮಾಲಿ ಆಗೇತಿ!"

ಕ್ಲಬ್ಬಿನ ಸೆಕ್ರೆಟರಿ ಬೀರಪ್ಪ ದೇವರ ಭಕ್ತ, ಬಂಗಾರದಂಥ ಮನುಷ್ಯ. ಓಡಿ ಬಂದು ನೋಡಿ ನಕ್ಕ. "ಕಾಮಾಲಿ ಅಲ್ರಿ ಚಾಚಾ, ಭಂಡಾರ. ನಿನ್ನೆ ಖಂಡೇಪೂಜಿ, ಆಯುಧದ ಪೂಜಿ ಇತ್ತಲ್ಲ, ದೇವ್ರ ಅರಿಷಿಣ ಹಾಕೇನಿ."

"ಪಿಸ್ತೂಲಿನೊಳಗ?"

"ಛೇ, ನನಗ ಅಷ್ಟೂ ತಿಳಿಯೂದಿಲ್ಲೇನ್ರಿ? ಪಿಸ್ತೂಲಿಗಿ ಮುಟ್ಟಿಲ್ಲ. ಗುಂಡಿಗಿ ಹಚ್ಚೇನಿ, ಒಂದೊಂದಕ್ಕೂ."

"ಯಾಕಪಾ ಒಂದೊಂದಕ್ಕ?"

"ಗುರಿ ಮುಟ್ಟಾಕ ಹೋಗೂದು ಗುಂಡ ಅಲ್ಲೇನ್ರಿ? ಪಿಸ್ತೂಲು ಇಲ್ಲೇ ಇರ್ತೈತಿ. ಆಶೀರ್ವಾದ ಯಾರಿಗಿ ಬೇಕು?"

ಪೆಟ್ಟಿಗೆ ತೆಗೆದು ಗುಂಡು ನೋಡಿದೆ. ಆ ಗುಂಡುಗಳ ಮೈಗೆ ಮೊದಲೇ ಮೇಣದಂಥ ಜಿಡ್ಡು ಇರುತ್ತದೆ; ಅದರ ಮೇಲೆ ಭಂಡಾರ ಚೆನ್ನಾಗಿ ಕಚ್ಚಿಕೊಂಡಿತ್ತು. ಟೀಚರಬಾಯಿ ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಪಿಸ್ತೂಲಿನೊಳಗೆ ಇಣುಕಿ, "ಹೋಗ್ಲಿ ಬಿಡ್ರಿ ಚಾಚಾ. ಅರಿಷಿಣ ಹಚ್ಚಿಸಿಕೊಂಡ ಮದುಮಗಳು, ತವರುಮನಿ ಬಿಡಾಕ ಒಲ್ಲೆ ಅನ್ನಾಕತ್ತಾಳ" ಅಂದಳು.

ಬಾದಾಮಿಯ ಡಾಕ್ಟರು

ಗುಂಡು ಬದಲಿಸಿದೆವು. ಖೋಕಾ ಮತ್ತೆ ಸಿಕ್ಕಿಕೊಂಡಿತು. ಒಳಗೆ ಕೂತ ಭಂಡಾರ, ಮಸಿ ಎಲ್ಲ ಕಿತ್ತು ತೆಗೆಯಲು ಹಿತ್ತಾಳೆ ತಂತಿಯ ಸಣ್ಣ ಬ್ರಶ್ಶು ಬೇಕಿತ್ತು. ಬಾದಾಮಿಯಲ್ಲಿ ನನ್ನ ಹಳೇ ದೋಸ್ತನ ಹತ್ತಿರ ಇತ್ತು. ಹೋಗಿ ತಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಒಂದು ಮಂಗ್ಯಾ ಬಂದು ಬ್ರಶ್ಶು ಕಸಿದುಕೊಂಡು ಚಹಾದಂಗಡಿಯ ತಗಡಿನ ಮೇಲೆ ಕೂತಿತು.

ಹುಲಿ ಬಂದರೂ ನಾ ಹೆದರುವವನಲ್ಲ. ಒಮ್ಮೆ ಐಹೊಳೆ ದಾರಿಯಲ್ಲಿ ಚಿರತೆಯೊಂದು ನನ್ನ ಕೆಮ್ಮು ಕೇಳಿಯೇ ಹೊಲ ದಾಟಿ ಓಡಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಆದರೆ ಬಾದಾಮಿ ಮಂಗ್ಯಾ ಯಾರ ಕೆಮ್ಮಿಗೂ ಕಿವಿ ಕೊಡುವುದಿಲ್ಲ. ಕಿವಿ ಕೊಡುವುದಿಲ್ಲ ಅಂದೆನಲ್ಲ, ಆ ಬ್ರಶ್ಶಿಗೆ ಮಾತ್ರ ಕೊಟ್ಟಿತು. ಕಿವಿಯೊಳಗೆ ಹಾಕಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ತಿಕ್ಕಿಕೊಳ್ಳತೊಡಗಿತು.

ಅಲ್ಲೇ ನಿಂತಿದ್ದ ಗೈಡು ಹೇಳಿದ: "ಚಾಚಾ, ಅವಸರ ಮಾಡಬ್ಯಾಡ್ರಿ. ಎರಡನೇ ಕಿವಿ ಇನ್ನೂ ಬಾಕಿ ಐತಿ."

ಖರೆ ಹೇಳುತ್ತೇನೆ, ಏನು ಕೈ ಅಂತೀರಿ ಅದರದು! ಪೂರ್ತಿ ಒಳಗೆ, ಪೂರ್ತಿ ಹೊರಗೆ, ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಬ್ರಶ್ಶು ಹಾಕುವ ಖರೆ ರೀತಿಯೇ ಅದು. ಎಷ್ಟೋ ಮಂದಿಗೆ ನಾ ಹೇಳಿ ಹೇಳಿ ಸೋತಿದ್ದೇನೆ. ಎರಡೂ ಕಿವಿ ಮುಗಿಸಿ, ಬ್ರಶ್ಶು ನನ್ನ ಕಾಲ ಬುಡಕ್ಕೆ ಒಗೆದು ಹೋಯಿತು.

ಬಾಗಲಕೋಟೆಗೆ ಬಂದು ಅದನ್ನು ಚೊಕ್ಕ ತೊಳೆದು, ಪಿಸ್ತೂಲು ಫಳಫಳ ಆಗುವ ಹಾಗೆ ತಿಕ್ಕಿದೆ. ಟೀಚರಬಾಯಿ ಹೊಡೆದಳು. ಖೋಕಾ ಮತ್ತೂ ಒಳಗೇ ಸಿಕ್ಕಿಕೊಂಡಿತು.

ನಡೆದದ್ದೆಲ್ಲ ಕೇಳಿದ ಸೆಕ್ರೆಟರಿ ಅಂದ: "ಚಾಚಾ, ಮಂಗ್ಯಾನ ಕಿವ್ಯಾಗಿಂದೆಲ್ಲಾ ತಂದು ಇದರಾಗ ತುಂಬೀರೇನ್ರಿ?"

ಹುನಗುಂದದ ಬಸ್ಸು

ಆಮೇಲೆ ನನ್ನ ಅನುಮಾನ ಕೊಕ್ಕೆಯ ಮೇಲೆ ಹೋಯಿತು. ಖೋಕಾದ ಅಂಚು ಹಿಡಿದು ಹೊರಗೆ ಎಳೆಯುವ ಸಣ್ಣ ಕೊಕ್ಕೆ ಅದು. ಅದರ ಮೂತಿ ಸವೆದಿತ್ತು, ಸ್ಪ್ರಿಂಗೂ ಸತ್ತಿತ್ತು. ಹೊಸ ಕೊಕ್ಕೆ, ಹೊಸ ಸ್ಪ್ರಿಂಗು ನಾನೇ ಕೂಡಿಸಿದೆ. ನಾ ಕೂಡಿಸಿದ್ದು ಅಂದರೆ ಕೇಳಬೇಕೇ? ಮೊದಲನೇ ಗುಂಡಿಗೆ ಖೋಕಾ ಕಂಪೌಂಡ್ ಗೋಡೆ ದಾಟಿ, ರಸ್ತೆಯಲ್ಲಿ ಹೊರಟಿದ್ದ ಹುನಗುಂದ ಬಸ್ಸಿನ ಕಿಟಕಿಯೊಳಗೆ ಹೋಯಿತು. ನಂಬದವರು ಆ ಕಂಡಕ್ಟರನನ್ನು ಕೇಳಬಹುದು. ಮರುದಿನ ಬಸ್ಸು ನಿಲ್ಲಿಸಿ ಇಳಿದು ಬಂದ.

"ಯಾರ್ರೀ ಇದರ ಮಾಲಕರು?" ಅಂತ ಖೋಕಾ ಮೇಲೆತ್ತಿ ಕೇಳಿದ.

"ನಾನ" ಅಂದೆ ಎದೆ ಉಬ್ಬಿಸಿ.

"ಇದು ಹುನಗುಂದತನಕ ಟಿಕೆಟ್ ಇಲ್ದ ಬಂದೈತ್ರಿ."

ಖರೆ, ಆ ದಿನ ನಾಲ್ಕನೇ ಗುಂಡಿಗೆ ಮತ್ತೆ ಗಂಟಲು ಕಟ್ಟಿತ್ತು. ಒಂದು ಖೋಕಾ ಹುನಗುಂದ ಮುಟ್ಟಿ ವಾಪಸ್ ಬಂದರೂ, ಇನ್ನೊಂದು ಪಿಸ್ತೂಲು ಬಿಟ್ಟು ಅಲುಗಿರಲಿಲ್ಲ.

ಸನ್ಮಾನದ ಬಾವು

ಆಯ್ಕೆ ಹತ್ತಿರ ಬಂತು. ಟೀಚರಬಾಯಿಯ ಮುಖ ಸಣ್ಣದಾಗಿತ್ತು. ಆದರೂ ಅಳುವ ಹೆಣ್ಣಲ್ಲ ಅವಳು. ಸಿಕ್ಕಿಕೊಂಡ ಖೋಕಾಗಳನ್ನೆಲ್ಲ ಕಡ್ಡಿಯಿಂದ ದೂಡಿ ತೆಗೆದು ಕೂಡಿಟ್ಟಿದ್ದಳು. ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ, ಬಿಸಿಲಿಗೆ ಒಂದೊಂದೇ ತಿರುಗಿಸಿ ನೋಡಿದಳು.

"ಚಾಚಾ, ಇಲ್ಲೆ ನೋಡ್ರಿ. ಎಲ್ಲಾದಕ್ಕೂ ಒಂದ ಜಾಗಾದಾಗ ಗೀರು ಬಿದ್ದೈತಿ. ಪಿನ್ನು ಬಡದ ಗುರ್ತಿನ ಕೆಳಗ."

ಆಮೇಲೆ ಖಾಲಿ ಪಿಸ್ತೂಲು ಬಿಚ್ಚಿಸಿ, ಗುಂಡು ಕೂಡುವ ಗೂಡಿನ ಬಾಯಿಗೆ ಹೆಬ್ಬೆರಳ ಉಗುರು ಆಡಿಸಿದಳು. ಉಗುರು ಒಂದು ಕಡೆ ತಡೆಯಿತು. "ಇಲ್ಲೆ ಬಾವು ಬಂದೈತಿ."

ನಾನೂ ಅದನ್ನೇ ಹೇಳುವವನಿದ್ದೆ. ಅವಳ ಬಾಯಿ ಸ್ವಲ್ಪ ಚುರುಕು. ಶಭಾಷ್ ಮಗಳೇ ಅಂದೆ. ಈ ಸಣ್ಣ ಗುಂಡಿಗೆ ಅದನ್ನು ಸಿಡಿಸುವ ಪಿನ್ನು ನಡುವೆ ಬಡಿಯುವುದಿಲ್ಲ, ಅಂಚಿಗೆ ಬಡಿಯುತ್ತದೆ. ಗುಂಡು ಇದ್ದರೆ ಆ ಪೆಟ್ಟನ್ನು ಹಿತ್ತಾಳೆ ತಿನ್ನುತ್ತದೆ. ಗುಂಡಿಲ್ಲದೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ಈ ಹಳೇ ಪಿಸ್ತೂಲಿನ ಗೂಡಿನ ಅಂಚೇ ಪೆಟ್ಟು ತಿಂದು ಉಬ್ಬುತ್ತದೆ. ಆ ಉಬ್ಬು ಖೋಕಾವನ್ನು ಹಿಡಿದುಕೊಳ್ಳುತ್ತದೆ.

"ಖಾಲಿ ಪಿಸ್ತೂಲು ಯಾರು ಒತ್ಯಾರ?" ಅಂತ ಗರ್ಜಿಸಿದೆ. ನವನಗರದ ಕಿಟಕಿಗಳು ನಡುಗಿದವು.

ಸೆಕ್ರೆಟರಿ ತಲೆ ತುರಿಸಿದ. "ಯಾರಂತ ಹೇಳಲ್ರಿ? ಊರಾನ ದೊಡ್ಡೋರೆಲ್ಲಾ ಒತ್ಯಾರ."

ನಮ್ಮ ಕ್ಲಬ್ಬಿನ ಪದ್ಧತಿ ಅದು. ಅತಿಥಿ ಬಂದರೆ ಶಾಲು, ಹಾರ, ಹಣ್ಣು. ಆಮೇಲೆ ಖಾಲಿ ಪಿಸ್ತೂಲು ಕೈಗೆ ಕೊಟ್ಟು, ಗುರಿಯ ಕಡೆ ಹಿಡಿಸಿ ಟಕ್ ಅನ್ನಿಸಿ ಫೋಟೋ. ಟಕ್ ಅನ್ನದಿದ್ದರೆ ಸನ್ಮಾನ ಪೂರ್ತಿ ಆದಂತಲ್ಲ. ಫೋಟೋ ಸರಿ ಬರದಿದ್ದರೆ ಮತ್ತೊಮ್ಮೆ ಟಕ್.

ಟೀಚರಬಾಯಿ ಪಿಸ್ತೂಲು ಸವರಿ ಅಂದಳು: "ಶಾಲು ಅವ್ರಿಗಿ, ಬಾವು ಇದಕ್ಕ."

ಅತ್ತೆಯ ಆಯುಧ

ಆ ಬಾವು ಕಾನಸು, ಅಂದರೆ ಅರ, ಹಾಕಿ ತಿಕ್ಕುವಂಥದ್ದಲ್ಲ. ತಿಕ್ಕಿದರೆ ಗೂಡೇ ಕೆಡುತ್ತದೆ. ನುಣುಪಾದ, ಮೂತಿ ಸಣ್ಣಗಿರುವ ಉಕ್ಕಿನ ಕಡ್ಡಿ ಮಾಡಿಕೊಂಡು, ಉಬ್ಬಿದ್ದನ್ನು ಹಿಂದಕ್ಕೆ ಒತ್ತಿ ಕೂಡಿಸಿದೆ. ಆ ಹೊತ್ತು ನನ್ನ ಕೈ ಮೇಲೆ ಕೂತ ನೊಣ ಇದು ಗೋಡೆ ಅಂತ ತಿಳಿದು ನಿದ್ದೆ ಹೋಗಿತ್ತು. ಮುಗಿದ ಮೇಲೆ ಟೀಚರಬಾಯಿ ಹೊಡೆದಳು ನೋಡಿ, ಹಂಚಿನಿಂದ ಜೋಳದ ಅರಳು ಸಿಡಿದ ಹಾಗೆ ಖೋಕಾ ಹಾರಿದವು.

ಆಯ್ಕೆಯ ದಿನ ಇಳಕಲ್ಲಿನಿಂದ ಅವಳ ಅತ್ತೆ ಬಂದರು. ತಲೆ ತುಂಬ ಸೆರಗು, ಕೈಯಲ್ಲಿ ಗ್ಯಾಸ್ ಒಲೆ, ಸಂಗಡ ಸಿಲಿಂಡರು. ಬಂದ ಮಂದಿಗೆಲ್ಲ ಚಹಾ ತಾವೇ ಕಾಸುವುದಾಗಿ ಹಟ. "ನನ್ನ ಸೊಸಿ ಗುಂಡು ಹೊಡೀತಾಳಂದ್ರ ಮಂದಿ ಒಣ ಬಾಯಿಲೆ ನೋಡ್ಬೇಕೇನ್ರಿ ಅಣ್ಣಾರ?" ಅಂತ ನನ್ನನ್ನೇ ಗದರಿದರು.

ಆಟಕ್ಕೆ ಮುಂಚೆ ಮುಖ್ಯ ಅತಿಥಿ ಬಂದರು. ಶಾಲು ಆಯಿತು, ಹಾರ ಆಯಿತು. ಕ್ಯಾಮೆರಾದವನು ಮುಂದೆ ಬಂದ. ಹೇಳಿ ಹೇಳಿ ಇಟ್ಟಿದ್ದರೂ ಸೆಕ್ರೆಟರಿಯ ಕೈ ರೂಢಿಯ ಮೇಲೆ ಟೀಚರಬಾಯಿಯ ಮೇಜಿನ ಕಡೆ ಹೋಯಿತು. ಅತಿಥಿ ಆಗಲೇ ಎಡಗಣ್ಣು ಮುಚ್ಚಿ ತಯಾರಾಗಿದ್ದರು. ದೊಡ್ಡ ಮನುಷ್ಯನಿಗೆ ಬೇಡ ಅನ್ನುವವರು ಯಾರು? ಟೀಚರಬಾಯಿ ಬಿಳಿಚಿಕೊಂಡಳು. ಚಿರತೆ ಓಡಿಸಿದ ನನ್ನ ಕೆಮ್ಮೂ ಅವತ್ತು ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಅತ್ತೆ ನಡುವೆ ಬಂದು ನಿಂತರು.

"ಅದು ಬ್ಯಾಡ್ರಿ ಸಾಹೇಬ್ರ, ಮಸಿ ಹತ್ತೈತಿ, ನಿಮ್ಮ ಬಿಳಿ ಅಂಗಿ ಕೆಡ್ತೈತಿ. ಇದನ್ನ ಹಿಡೀರಿ" ಅಂದವರೇ ಗ್ಯಾಸ್ ಹೊತ್ತಿಸುವ ಲೈಟರನ್ನು ಅವರ ಕೈಗೆ ಕೊಟ್ಟುಬಿಟ್ಟರು.

ಅತಿಥಿ ಅದನ್ನು ನೋಡಿದರು, ಅತ್ತೆಯ ಮುಖ ನೋಡಿದರು, ಕ್ಯಾಮೆರಾ ನೋಡಿದರು. ತೋಳು ಚಾಚಿ, ಗುರಿ ಹಿಡಿದು, ಟಕ್! ನೀಲಿ ಕಿಡಿ ಹಾರಿತು. ಜನ ಚಪ್ಪಾಳೆ ತಟ್ಟಿದರು. ಹುರುಪಾಗಿ ಮತ್ತೊಮ್ಮೆ ಟಕ್ ಅನ್ನಿಸಿದರು.

ಆಮೇಲೆ ಟೀಚರಬಾಯಿ ನಿಂತಳು. ಒಂದು ಖೋಕಾವೂ ಸಿಕ್ಕಿಕೊಳ್ಳಲಿಲ್ಲ, ಒಂದು ಉಸಿರೂ ತಪ್ಪಲಿಲ್ಲ. ತಂಡದ ಹೆಸರು ಓದಿದಾಗ ಮೊದಲು ಬಂದದ್ದೇ ಅವಳ ಹೆಸರು. ಸೆಕ್ರೆಟರಿ ಭಂಡಾರ ಹಾರಿಸಿದ; ಈ ಸಲ ಜನರ ಮೇಲೆ. ಅವಳು ಬಂದು ನನ್ನ ಕಾಲು ಮುಟ್ಟಿದಳು. ನನ್ನ ಕಣ್ಣೊಳಗೆ ಭಂಡಾರ ಬಿದ್ದಿತ್ತು, ಅದಕ್ಕೇ ನೀರು ಬಂತು.

ಇಷ್ಟೆಲ್ಲ ಆದರೂ ಚಹಾ ಬರಲೊಲ್ಲದು. ನೋಡಿದರೆ ಒಲೆ ಹೊತ್ತಿಲ್ಲ. ಅತಿಥಿ ಕುರ್ಚಿಯಲ್ಲಿ ಕೂತು ಇನ್ನೂ ಟಕ್ ಟಕ್ ಅನ್ನಿಸುತ್ತಲೇ ಇದ್ದರು. ಅತ್ತೆ ಹೋಗಿ ಮುಂದೆ ಕೈ ಚಾಚಿ ನಿಂತರು.

ಅತಿಥಿ ನಗುತ್ತ ಕೇಳಿದರು: "ಛಲೋ ಐತಿ ಬಿಡವಾ ನಿನ್ನ ಪಿಸ್ತೂಲು. ಲೈಸೆನ್ಸ್ ಐತೇನು ಇದಕ್ಕ?"

"ಗ್ಯಾಸಿನ ಬುಕ್ಕ ನನ್ನ ಹೆಸರಿಗಿ ಐತ್ರಿ" ಅಂದರು ಅತ್ತೆ. "ಶರಣಾಗಿ ಆಯುಧ ಕೆಳಗಿಡ್ರಿ, ಚಹಾ ಕುಡಿಯೂಣ."